ಛತ್ರದಲ್ಲಿ ಬಾರಿಸುತ್ತಿದ್ದ ನೆವೆನಾ

ನೆವೆನಾ ಮೊದಲ ಸಲ ಬೊಯಾನನ ಆಫೀಸಿಗೆ ಬಂದದ್ದು ಜಗಳಕ್ಕೆ.

ನವೆಂಬರಿನ ಮಂಜು ಡಾನ್ಯೂಬ್ ನದಿಯಿಂದ ಎದ್ದು ರೂಸೆ ಪಟ್ಟಣದ ಬೀದಿಗಳನ್ನೆಲ್ಲ ತುಂಬಿಕೊಂಡಿತ್ತು. ಮೆಟ್ಟಿಲು ಹತ್ತಿ ಬಂದವಳ ಕೂದಲ ಮೇಲೆ, ಬೂದು ಕೋಟಿನ ಹೆಗಲ ಮೇಲೆ ಸಣ್ಣ ಸಣ್ಣ ಹನಿ. ಬೆನ್ನ ಮೇಲಿದ್ದ ದೊಡ್ಡ ಪೆಟ್ಟಿಗೆಯನ್ನು ಇಳಿಸಿ, ಬೊಯಾನನ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿ, ಅವನ ಮೇಜಿನ ಮೇಲೇ ಇಟ್ಟಳು.

"ನನ್ನನ್ನ ಬಾಟ್ ಅಂತ ಆಟದಿಂದ ಹೊರಗೆ ಹಾಕಿದ್ದು ಯಾರು? ನೀವಾ?"

ಬೊಯಾನ್ ತಬ್ಬಿಬ್ಬಾದ. "ನಿಮ್ಮ ಹೆಸರು...?"

"ಆಟದಲ್ಲಿ ಚೆಂಡುಹೂ. ಮನೆಯಲ್ಲಿ ನೆವೆನಾ."

ಅವನಿಗೆ ನೆನಪಾಯಿತು. 'ಏಳು ಕೋಟೆ' ಎಂಬ ಆನ್‌ಲೈನ್ ಆಟದ ನಿಯಮಗಳನ್ನು ಬರೆಯುವುದು ಅವನ ಕೆಲಸ. ಆ ಆಟದಲ್ಲಿ ಯುದ್ಧದಿಂದ ಬಳಲಿ ಬಂದ ಸೈನಿಕರು ಛತ್ರಕ್ಕೆ ಬರಬೇಕು. ಅಲ್ಲಿ ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರು ಇರುತ್ತಾರೆ. ಅವರ ಕಲೆಯಿಂದಲೇ ಸೈನಿಕರಿಗೆ ಹುರುಪು ಮರಳುವುದು. ಆ ಕಲಾವಿದರೂ ಎಲ್ಲೆಲ್ಲೋ ತಮ್ಮ ತಮ್ಮ ಮನೆಯಲ್ಲಿ ಕೂತು, ಮೈಕಿನ ಮುಂದೆ ನಿಜವಾಗಿ ಹಾಡುವ, ಬಾರಿಸುವ ಮನುಷ್ಯರೇ. ಅಂದರೆ, ಒಂದು ಕಾಲದಲ್ಲಿ ಆಗಿದ್ದರು. ಈಗ ಛತ್ರದ ತುಂಬ ಬಾಟ್‌ಗಳು. ಯಾರೋ ಬರೆದು ಬಿಟ್ಟ ಪ್ರೋಗ್ರಾಂಗಳು ಹಗಲೂ ರಾತ್ರಿ ದಣಿವಿಲ್ಲದೆ ಹುರುಪು ಹಂಚುತ್ತಿದ್ದವು. ಸೈನಿಕರು ಬಾಗಿಲಲ್ಲೇ ಅದನ್ನು ಪಡೆದು ಓಡುತ್ತಿದ್ದರು.

"ಅಲ್ಲ, ಎಷ್ಟೋ ತಿಂಗಳಿಂದ ನೀವು ನಿಂತಿದ್ದು ಅದೇ ಮೂಲೆ, ಬಂದಿದ್ದು ಅದೇ ಹೊತ್ತಿಗೆ. ಯಾರು ಏನು ಕೇಳಿದರೂ ಒಂದಕ್ಷರ ಉತ್ತರ ಇಲ್ಲ. ಅದಕ್ಕೇ ನಾನು..."

ಅವಳು ಪೆಟ್ಟಿಗೆ ತೆರೆದು ಗಾಳಿಚೀಲದ ವಾದ್ಯ ಅಕಾರ್ಡಿಯನ್ ಎತ್ತಿ, ಪಟ್ಟಿಯನ್ನು ಹೆಗಲಿಗೆ ಏರಿಸಿದಳು. ಬಲಗೈ ಸ್ವರದ ಮನೆಗಳ ಮೇಲೆ, ಎಡಗೈ ಪಟ್ಟಿಯೊಳಗೆ.

"ನೋಡಿ, ನನ್ನ ಕೈಗಳು ಎಲ್ಲಿವೆ? ಉತ್ತರ ಏನು, ಮೂಗಲ್ಲಿ ಟೈಪ್ ಮಾಡ್ಲಾ?"

ಇಡೀ ಆಫೀಸು ನಕ್ಕಿತು. ಬೊಯಾನನ ಕಿವಿ ಕೆಂಪಾದವು. ಅವಳು ಮಾತ್ರ ನಗಲಿಲ್ಲ. ತುಟಿಯ ಒಂದು ಕೊನೆ ಕೊಂಚ ಎದ್ದು, ಮತ್ತೆ ಇಳಿಯಿತು. ಆ ಒಂದು ಕ್ಷಣ ಅವನಿಗೆ ಕಂಡಿತು.

ಅವಳು ಹಿಂದೆ ನದಿಯ ಪ್ರವಾಸಿ ಹಡಗಿನ ಊಟದ ಕೋಣೆಯಲ್ಲಿ ಅಕಾರ್ಡಿಯನ್ ಬಾರಿಸುತ್ತಿದ್ದಳು. ಒಂದು ಬೇಸಿಗೆಯಲ್ಲಿ ಮಾಲೀಕರು ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಸ್ಪೀಕರ್ ತಂದಿಟ್ಟರು. ಆಮೇಲೆ ಅವಳಿಗೆ ಕೇಳುಗರು ಅಂತ ಉಳಿದದ್ದು ಈ ಛತ್ರದಲ್ಲೇ. ಅವರೂ ಬೆರಳೆಣಿಕೆಯ ಮಂದಿ. ಅವರಲ್ಲಿ ದಿನವೂ ತಪ್ಪದೆ ಬರುವವನು ಕರಡಿಮಾವ ಎಂಬ ಹೆಸರಿನ ಮುದಿ ಸೈನಿಕ. ನಿಜದಲ್ಲಿ ಅವನು ಓರ್ಯಾಹೊವೊ ಎಂಬ ಊರಿನಲ್ಲಿ ನದಿ ದಾಟಿಸುವ ದೋಣಿಯ ಮೇಲೆ ಕೆಲಸ ಮಾಡುವವನು.

ಬೊಯಾನ್ ಅವಳ ಖಾತೆಯನ್ನು ಆಗಲೇ ತೆರೆದುಕೊಟ್ಟ. ಅವಳು ಹೊರಟ ಮೇಲೆ ಸ್ಟುಡಿಯೋದ ಯಜಮಾನಿ ರಾದ್ಕಾ ಅವನ ಹತ್ತಿರ ಬಂದಳು. "ಅವಳನ್ನ ಬಿಡಬೇಡ. ವಸಂತದೊಳಗೆ ಛತ್ರಕ್ಕೆ ಜೀವಂತ ಕಲಾವಿದರು ವಾಪಸ್ ಬರ್ಬೇಕು. ಇಲ್ಲಾಂದ್ರೆ ಆ ವೃತ್ತಿಯನ್ನೇ ಕಿತ್ತುಹಾಕೋದು. ಏನು ಮಾಡಿದ್ರೆ ಬಾಟ್ ಎದುರು ಗೆಲ್ಲಬಹುದು ಅಂತ ಅವಳನ್ನೇ ಕೇಳು."

ಅವನು ಕೇಳಲಿಲ್ಲ. ತನಗೇ ಗೊತ್ತು ಅಂದುಕೊಂಡ. ಕಲಾವಿದರು ಬಾರಿಸುವಾಗ ನಡುನಡುವೆ ಪರದೆಯ ಮೇಲೆ ಪುಟ್ಟ ಪ್ರಶ್ನೆ ಬರುವಂತೆ ಮಾಡಿದ. ಈ ಚಿತ್ರಗಳಲ್ಲಿ ಚಂದ್ರ ಯಾವುದು, ದೋಣಿ ಯಾವುದು. ಉತ್ತರಿಸದವರು ಹೊರಗೆ. ಜೊತೆಗೆ ಬಾರಿಸಿದ್ದೆಲ್ಲ ದಾಖಲಾಗುವಂತೆಯೂ ಮಾಡಿದ. ಮನುಷ್ಯರ ಕೈ ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ, ಬಾಟ್ ಹೇಗೆ ಬದಲಾಗುವುದಿಲ್ಲ ಎಂದು ಹೋಲಿಸಿ ನೋಡುವುದಕ್ಕೆ.

ಅದೇ ವಾರ ನೆವೆನಾಳ ಫೋನ್ ಬಂತು.

"ನಿಮ್ಮ ಚಂದ್ರನ ಮನೆ ಹಾಳಾಗ! ಹಾಡು ಅರ್ಧಕ್ಕೆ ಬಿಟ್ಟು ಚಂದ್ರನ್ನ ಒತ್ತಬೇಕಾ ನಾನು?"

"ನೀವು ಮನುಷ್ಯರು ಅಂತ ಗೊತ್ತಾಗ್ಬೇಕಲ್ಲ..."

"ದಿನಾ ಸಾಬೀತು ಮಾಡ್ಬೇಕಾ? ಬಾಟ್‌ಗಳು ನಿಮ್ಮ ಪ್ರಶ್ನೆಗೆ ನನಗಿಂತ ಬೇಗ ಉತ್ತರ ಕೊಡ್ತಿವೆ, ನೋಡಿದ್ರಾ? ಅವಕ್ಕೆ ಸುಸ್ತಾಗಲ್ಲ. ನನಗೆ ಆಗುತ್ತೆ."

ಅವನು ಆಗ, ಮೊದಲೇ ಕೇಳಬೇಕಿದ್ದ ಮಾತು ಕೇಳಿದ. "ಹಾಗಾದ್ರೆ ಏನು ಮಾಡ್ಲಿ?"

"ನಮ್ಮನ್ನ ಬಿಡಿ. ಕೇಳೋರಿಗೆ ಏನಾದ್ರೂ ಮಾಡಿ. ಅಷ್ಟು ದೊಡ್ಡ ಛತ್ರ ಕಟ್ಟಿದೀರಿ, ಕೂರೋಕೆ ಒಂದು ಬೆಂಚಿದೆಯಾ?"

ಇರಲಿಲ್ಲ. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬೊಯಾನ್ ಪ್ರಶ್ನೆಗಳನ್ನು ತೆಗೆದ. ಬೆಂಚುಗಳನ್ನು ಹಾಕಿದ, ನಡುವೆ ಒಂದು ಅಗ್ಗಿಷ್ಟಿಕೆ ಉರಿಸಿದ. ಹಾಡು ಮುಗಿಯುವವರೆಗೆ ಕೂತು, ಒಬ್ಬರೊಡನೊಬ್ಬರು ಮಾತಾಡಿದವರಿಗೆ ಹುರುಪು ಹೆಚ್ಚು ಹೊತ್ತು ಉಳಿಯುತ್ತದೆ ಎಂದು ನಿಯಮ ಬರೆದ. ಬಾಟ್ ಮುಂದೆ ಯಾರೂ ಕೂರಲಿಲ್ಲ. ಅಲ್ಲಿ ಮಾತಿಗೆ ಮಾತು ಕೊಡುವವರೇ ಇರಲಿಲ್ಲ. ನೆವೆನಾಳ ಮುಂದಿನ ಬೆಂಚು ತುಂಬಿತು. ಪಕ್ಕದ್ದೂ ತುಂಬಿತು.

ಆದರೆ ಕೇಳುಗರು ಅವಳನ್ನೂ ಮಾತಾಡಿಸುತ್ತಿದ್ದರು. ಅವಳ ಕೈಗಳೋ ಅಕಾರ್ಡಿಯನ್ ಮೇಲೆ.

"ನಾನು ಬಂದು ಟೈಪ್ ಮಾಡ್ತೀನಿ. ನೀವು ಹೇಳಿದ ಹಾಗೆ," ಎಂದ ಬೊಯಾನ್.

"ದಿನಾ ಬರ್ತೀರಾ?"

"ಟೀ ಕೊಟ್ರೆ."

ಹಾಗೆ ಶುರುವಾಯಿತು. ಆಫೀಸು ಮುಗಿಸಿ, ಮಂಜಿನಲ್ಲಿ ನಡೆದು, ಅವನು ಅವಳ ಒಂಟಿ ಕೋಣೆಯ ಮನೆಗೆ ಹೋಗುತ್ತಿದ್ದ. ಅವಳು ಲಿಂಡನ್ ಮರದ ಹೂವಿನ ಟೀ ಇಡುತ್ತಿದ್ದಳು. ಅವನು ಕೇಳುಗರ ಮಾತನ್ನು ಗಟ್ಟಿಯಾಗಿ ಓದುತ್ತಿದ್ದ, ಅವಳು ಬಾರಿಸುತ್ತಲೇ ಉತ್ತರ ಹೇಳುತ್ತಿದ್ದಳು, ಅವನು ಟೈಪ್ ಮಾಡುತ್ತಿದ್ದ. ಎಂದೋ ಹಡಗಿನ ಬಾಗಿಲಿಗೆ ಸಿಕ್ಕಿ ನೊಂದ ಅವಳ ಉಂಗುರದ ಬೆರಳು ಒಂದು ಸ್ವರಕ್ಕೆ ಯಾವಾಗಲೂ ಕೊಂಚ ತಡವಾಗಿ ಬರುತ್ತಿತ್ತು. ಅವನು ಪರದೆ ನೋಡುವುದನ್ನು ಬಿಟ್ಟು ಆ ಬೆರಳಿಗೆ ಕಾಯುತ್ತಿದ್ದ. ಅವಳಿಗೆ ಅದು ಗೊತ್ತಾಗುತ್ತಿತ್ತು. ಗೊತ್ತಾಗದವಳಂತೆ ಕಿಟಕಿಯತ್ತ ತಿರುಗುತ್ತಿದ್ದಳು, ಕುತ್ತಿಗೆಯವರೆಗೂ ಕೆಂಪೇರಿ.

ಒಂದು ಸಂಜೆ ಕರಡಿಮಾವ ಕೇಳಿದ. ಬೊಯಾನ್ ಓದಿದ: "'ಅಲ್ಲಮ್ಮಾ, ಇಷ್ಟು ಚೆನ್ನಾಗಿ ಬಾರಿಸ್ತೀಯ. ಮನೇಲಿ ಕೂತು ಕೇಳೋಕೆ ಯಾರಾದ್ರೂ ಇದ್ದಾರಾ?'"

"ಯಾರೂ ಇಲ್ಲ ಅಂತ ಹಾಕಿ."

ಅವನು ಟೈಪ್ ಮಾಡಿದ. ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ನಕ್ಕರು.

"ಯಾಕೆ ನಗ್ತಿದ್ದಾರೆ? ಏನು ಹಾಕಿದ್ರಿ?"

"ಏನಿಲ್ಲ."

"ಬೊಯಾನ್!"

"'ಒಬ್ಬ ಇದ್ದಾನೆ, ಆದ್ರೆ ಅವನಿಗೆ ಸಂಗೀತದ ಗಂಧ ಇಲ್ಲ' ಅಂತ ಹಾಕ್ದೆ."

ಅಕಾರ್ಡಿಯನ್ ಅಪಸ್ವರದಲ್ಲಿ ಉಸಿರು ಬಿಟ್ಟಿತು. "ಅಧಿಕಪ್ರಸಂಗಿ. ಅಳಿಸು ಅದನ್ನ," ಅಂದಳು. ಅಳಿಸಿ ಅನ್ನಲಿಲ್ಲ, ಅಳಿಸು ಅಂದಳು. ಅವನು ಅಳಿಸಲಿಲ್ಲ. ಅವಳು ಮತ್ತೆ ಹೇಳಲೂ ಇಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಸ್ಟುಡಿಯೋ ಮಾರಾಟವಾಯಿತು. ಕೊಂಡವರು ಬೇರೆ ದೇಶದವರು. ರಾದ್ಕಾ ಬೊಯಾನನನ್ನು ಕೋಣೆಗೆ ಕರೆದು ಹೆಡ್‌ಫೋನ್ ಕೊಟ್ಟಳು.

"ಕೇಳು. ನಮ್ಮದೇ ಬಾಟ್. ಮುಂದಿನ ತಿಂಗಳಿಂದ ಎಲ್ಲ ಛತ್ರದಲ್ಲೂ ಇದೇ."

ಅವನು ಕೇಳಿದ. ಗಾಳಿಚೀಲ ಅಗಲವಾಗುವ ಮೊದಲಿನ ಆ ಸಣ್ಣ ಉಸಿರು. ತಡವಾಗಿ ಬರುವ ಆ ಒಂದು ಸ್ವರ. ಅವನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಇಟ್ಟ.

"ಇದು ನೆವೆನಾ."

"ನೆವೆನಾಳ ದಾಖಲೆಗಳಿಂದ ಕಲಿತದ್ದು. ನೀನೇ ಕೂಡಿಟ್ಟದ್ದಲ್ವಾ? ತುಂಬ ಉಪಯೋಗಕ್ಕೆ ಬಂತಂತೆ."

"ನಾನು ಕೂಡಿಟ್ಟಿದ್ದು ಅವಳನ್ನ ಉಳಿಸೋಕೆ! ಅಳಿಸಿಬಿಡಿ."

"ಆಟಕ್ಕೆ ಸೇರುವಾಗ ಎಲ್ಲರೂ 'ಒಪ್ಪಿಗೆ' ಒತ್ತಿದ್ದಾರೆ, ಬೊಯಾನ್. ಪ್ರತಿಗಳು ಆಗಲೇ ಕೊಂಡವರ ಕೈಗೆ ಹೋಗಿ ಆಯ್ತು. ಅಳಿಸೋಕೆ ನಮ್ಮ ಹತ್ರ ಏನೂ ಉಳಿದಿಲ್ಲ." ರಾದ್ಕಾ ಅವನ ಮುಖ ನೋಡದೆ ಹೇಳಿದಳು. "ನನಗೇನು ಖುಷಿ ಅಂದ್ಕೊಂಡ್ಯಾ?"

ನೆವೆನಾಳಿಗೆ ಬೇರೆಯವರಿಂದ ತಿಳಿಯಬಾರದು ಎಂದು ಬೊಯಾನ್ ಅಂದೇ ಅವಳನ್ನು ಪೇಟೆಯ ಮಿಠಾಯಿ ಅಂಗಡಿಗೆ ಕರೆದ. ಅವಳು ಹೊಸ ಕೆಂಪು ಸ್ಕಾರ್ಫ್ ಕಟ್ಟಿಕೊಂಡು ಬಂದಿದ್ದಳು. ಬೇರೇನೋ ಕೇಳುವ ಆಸೆಯಿಂದ ಬಂದವಳಂತೆ ಕಣ್ಣು ಹೊಳೆಯುತ್ತಿತ್ತು. ಅವನು ಎಲ್ಲವನ್ನೂ ಹೇಳಿದ. ಹೇಳುತ್ತಿದ್ದಂತೆ ಆ ಹೊಳಪು ಆರಿಹೋಗುವುದನ್ನು ಎದುರಿಗೇ ಕೂತು ನೋಡಬೇಕಾಯಿತು.

ಅವಳು ಕೂಗಾಡಲಿಲ್ಲ. ಚಮಚವನ್ನು ತಟ್ಟೆಯ ಮೇಲೆ ಇಟ್ಟಳು.

"ನನ್ನ ಪಕ್ಕ ಕೂತು ಟೀ ಕುಡೀತಿದ್ದೆಯಲ್ಲ, ಆಗ ನೀನು ಕೇಳ್ತಿದ್ದೆಯಾ? ಕೂಡಿಡ್ತಿದ್ದೆಯಾ?"

"ಕೇಳ್ತಿದ್ದೆ. ದಾಖಲೆ ಅದರ ಪಾಡಿಗೆ ಆಗ್ತಿತ್ತು. ನಿಲ್ಲಿಸಬೇಕು ಅಂತ ಹೊಳೀಲೇ ಇಲ್ಲ, ನೆವೆನಾ. ನನಗೆ ಬೇರೆ ಏನೂ ಹೊಳೀತಿರಲಿಲ್ಲ. ನೀನು ಬಿಟ್ಟು."

ಎಂಥ ಹೊತ್ತಿನಲ್ಲಿ ಆ ಮಾತು ಬಂತು! ಅವಳು ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಎದ್ದಳು.

"ನನ್ನ ಬೆರಳಿನ ನೋವನ್ನೂ ಕಲಿತಿದೆಯಾ ಅದು?"

ಅವನು ತಲೆ ತಗ್ಗಿಸಿದ.

"ನೀವು ಇನ್ನು ಮನೆಗೆ ಬರೋದು ಬೇಡ," ಎಂದಳು.

ಅವಳು ಅಕ್ಕನ ಊರಾದ ಸಿಲಿಸ್ತ್ರಾಕ್ಕೆ ಹೋದಳೆಂದು ಆಮೇಲೆ ತಿಳಿಯಿತು. ಬೊಯಾನ್ ಕೆಲಸ ಬಿಟ್ಟ. ಬಂದರಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತ. ಫೆಬ್ರವರಿ ಬಂತು. ನದಿಯ ದಡದಲ್ಲಿ ಹಿಮ ಕೊಳೆಯಾಗಿ ಗಟ್ಟಿಯಾಯಿತು.

ಛತ್ರದಲ್ಲಿ ಹೊಸ ಬಾಟ್ ಬಾರಿಸತೊಡಗಿತ್ತು. ಅದು ಮಾತಿಗೆ ಮಾತನ್ನೂ ಕೊಡುತ್ತಿತ್ತು. ಬೊಯಾನ್ ಒಂದು ದಿನ ತಡೆಯಲಾರದೆ ಆಟದೊಳಗೆ ಹೋದ. ಛತ್ರದ ಬೆಂಚುಗಳ ತುಂಬ ಜನ. ಸಂತೋಷವಾಗಿ ಕೂತಿದ್ದರು. ಯಾರಿಗೂ ಏನೂ ಅನ್ನಿಸಿದಂತಿರಲಿಲ್ಲ. ಅದನ್ನು ನೋಡಲಾರದೆ ಹೊರಗೆ ಬಂದ. ಹೊರಗೆ, ಆಟದ ಹಿಮದಲ್ಲಿ, ಗೋಡೆಗೆ ಒರಗಿ ಆರೇಳು ಮಂದಿ ಕೂತಿದ್ದರು. ಕರಡಿಮಾವ ನಡುವೆ.

"ಒಳಗೆ ಹೋಗಲ್ವಾ?" ಎಂದು ಬರೆದ ಬೊಯಾನ್.

"ಒಳಗಿರೋದು ನಮ್ಮ ಹುಡುಗಿ ಅಲ್ಲ," ಎಂದು ಬರೆದ ಕರಡಿಮಾವ. "ಮೊನ್ನೆ ನನ್ನ ದೋಣಿ ಮಂಜಿನಲ್ಲಿ ಸಿಕ್ಕಿಹಾಕಿಕೊಂಡಿತ್ತು ಅಂದೆ. ಬಹಳ ಚಂದದ ಉತ್ತರ ಕೊಡ್ತು. ನಮ್ಮ ಹುಡುಗಿ ಆಗಿದ್ರೆ ಬೈತಿದ್ಲು."

"ಹುರುಪಿಲ್ಲದೆ ಯುದ್ಧಕ್ಕೆ ಹೇಗೆ ಹೋಗ್ತೀರಿ?"

"ಹೋಗ್ತೀವಿ, ಸಾಯ್ತೀವಿ, ವಾಪಸ್ ಬಂದು ಇಲ್ಲೇ ಕೂರ್ತೀವಿ."

ಮರುದಿನ ಬೊಯಾನ್ ಸಿಲಿಸ್ತ್ರಾದ ಬಸ್ಸು ಹತ್ತಿದ.

ಅಕ್ಕನ ಮನೆಯ ಬಾಗಿಲು ತೆಗೆದ ನೆವೆನಾಳ ಕೈ ಹಿಟ್ಟಾಗಿತ್ತು. ಅಕ್ಕನ ಬೇಕರಿಯಲ್ಲಿ ಕೆಲಸ. ಮುಖ ಇಳಿದಿತ್ತು. ಅವನು ಬಾಗಿಲಲ್ಲೇ ನಿಂತು ಕರಡಿಮಾವನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. 'ಬೈತಿದ್ಲು' ಎಂಬಲ್ಲಿ ಅವಳು ನಕ್ಕಳು. ನಗುತ್ತಲೇ ಹಿಟ್ಟಿನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

"ಮತ್ತೆ ಅಲ್ಲಿ ಬಾರಿಸೋಕಾಗಲ್ಲ ನನಗೆ. ಏನು ಬಾರಿಸಿದ್ರೂ ಅದು ಕಲಿಯುತ್ತೆ."

"ಬಾರಿಸು ಅಂತ ಕೇಳೋಕೆ ಬಂದಿಲ್ಲ. ಅವರು ಕಾಯ್ತಿದ್ದಾರೆ ಅಂತ ಹೇಳೋಕೆ ಬಂದೆ."

ಅವಳು ಅವನನ್ನು ಒಳಗೆ ಕರೆದು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಕೈ ತೊಳೆದು ಬಂದು, ತಾನೇ ಟೈಪ್ ಮಾಡಲು ಕೂತಳು. ಚೆಂಡುಹೂ ಛತ್ರದ ಬಾಗಿಲಿಗೂ ಹೋಗಲಿಲ್ಲ. ಹಿಮದಲ್ಲಿ ಕರಡಿಮಾವನ ಪಕ್ಕ ಕೂತಳು. ಒಳಗಿನಿಂದ ಅವಳದೇ ರಾಗ ಕೇಳಿಬರುತ್ತಿತ್ತು. ಅವಳು ವಾದ್ಯ ಎತ್ತಲಿಲ್ಲ. ಮಂಜಿನಲ್ಲಿ ದೋಣಿ ಇಳಿಸಿದ್ದಕ್ಕೆ ಕರಡಿಮಾವನನ್ನು ಚೆನ್ನಾಗಿ ಬೈದಳು. ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸಿದಳು. ತಾನು ಇನ್ನು ಬರುವುದಿಲ್ಲ ಎಂದೂ, ಯಾಕೆ ಎಂದೂ ಹೇಳಿದಳು. ಯಾರೂ ಒತ್ತಾಯಿಸಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ಉಳಿದದ್ದು ಕರಡಿಮಾವ.

"ಆ ಸಂಗೀತ ತಿಳಿಯದವನು ಇದ್ದಾನೋ, ಓಡಿಹೋದನೋ?" ಎಂದು ಬರೆದ.

ನೆವೆನಾಳ ಬೆರಳು ಸ್ವಲ್ಪ ತಡೆದವು. "ಇಲ್ಲೇ ಇದ್ದಾನೆ," ಎಂದು ಬರೆದು, ಚೆಂಡುಹೂವಿನ ಖಾತೆಯನ್ನು ಅಳಿಸಿದಳು.

ಹೊರಗೆ ಸಂಜೆಯಾಗುತ್ತಿತ್ತು. ಅವಳು ಪರದೆ ಮುಚ್ಚಿದಳು.

"ರೂಸೆಯ ಕೊನೆ ಬಸ್ಸು ಹೋಗಿರುತ್ತೆ," ಎಂದಳು.

"ಗೊತ್ತು."

"ಗೊತ್ತಿದ್ದೂ ಕೂತ್ಯಾ?"

"ಗೊತ್ತಿದ್ದೇ ಕೂತೆ. ನೀನು ಹೋಗು ಅಂದ್ರೆ ಸ್ಟೇಷನ್ನಲ್ಲಿ ಕೂರ್ತೀನಿ."

"ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ. ಇನ್ನೂ ಆಗಿಲ್ಲ. ಯಾವಾಗ ಆಗುತ್ತೋ ಗೊತ್ತಿಲ್ಲ."

"ಆಗಲಿ."

ಅವಳು ಅವನ ಮುಂದೆ ಅಂಗೈ ಚಾಚಿದಳು. "ನಿನ್ನ ಫೋನ್ ಕೊಡು."

ಕೊಟ್ಟ. ತನ್ನದನ್ನೂ ತೆಗೆದುಕೊಂಡಳು. ಲ್ಯಾಪ್‌ಟಾಪನ್ನು ಬಗಲಿಗೆ ಸೇರಿಸಿ, ಬಾಲ್ಕನಿಗೆ ಹೋಗಿ, ಎಲೆಕೋಸನ್ನು ಉಪ್ಪಿನಲ್ಲಿ ಹಾಕಿಟ್ಟಿದ್ದ ಪೀಪಾಯಿಯ ಮುಚ್ಚಳದ ಮೇಲೆ ಮೂರನ್ನೂ ಪೇರಿಸಿಟ್ಟು, ಬಾಗಿಲು ಬಿಗಿಯಾಗಿ ಹಾಕಿಬಂದಳು. ಆಮೇಲೆ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಳು. ತಿಂಗಳಿಂದ ಮುಟ್ಟದ ಅಕಾರ್ಡಿಯನ್ ಮೇಲಿನ ಧೂಳನ್ನು ತೋಳಿನಿಂದ ಒರೆಸಿದಳು.

"ಇದು ಹೊಸದು. ಇಲ್ಲಿಗೆ ಬಂದ ಮೇಲೆ ಹಿಟ್ಟು ನಾದುವಾಗ ತಲೆಗೆ ಬಂದದ್ದು. ಯಾರೂ ಕೇಳಿಲ್ಲ," ಎಂದಳು. "ಚೆನ್ನಾಗಿದೆ ಅಂತ ಹೇಳ್ಬೇಡ. ಏನೂ ಹೇಳ್ಬೇಡ."

ಬೊಯಾನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತ.