ಅವ್ವನ ಮೂರು ಕೇಜಿ

"ನಲವತ್ತೇಳು," ಎಂದು ಬೊಮ್ಮಣ್ಣ ಇಡೀ ಮಂಡಿಗೆ ಕೇಳುವ ಹಾಗೆ ಕೂಗಿದ.

ಶೇಂಗಾ ಚೀಲ ತೂಗುವ ಕಾಟಾದ ಮೇಲೆ ತೇಜಶ್ರೀಯ ಅವ್ವ ಸೂರಮ್ಮ ನಾಚಿಕೊಂಡು ನಿಂತಿದ್ದಳು. ಅವಳ ಜೊತೆ ಶೇಂಗಾ ಆರಿಸುವ ಹೆಂಗಸರೆಲ್ಲ ನಕ್ಕು, ಸೂರಮ್ಮ ಮೈಕೈ ತುಂಬಿಕೊಂಡಳು ಎಂದರು. ಸ್ಕೂಲಿನಿಂದ ನೇರ ಅಲ್ಲಿಗೇ ಬಂದಿದ್ದ ತೇಜಶ್ರೀ ಬ್ಯಾಗಿನ ಸಮೇತ ಕುಣಿದಳು. ಮೂರು ದಿನದ ಹಿಂದೆ ನಲವತ್ನಾಲ್ಕಿತ್ತು!

ಚಳ್ಳಕೆರೆಯ ಆ ಮಂಡಿಯಲ್ಲಿ ಅವ್ವನ ತೂಕ ಏರುವುದೆಂದರೆ ಹಬ್ಬ. ಎರಡು ವರ್ಷದ ಹಿಂದೆ ಎಚ್‌ಐವಿ ಇದೆಯೆಂದು ಗೊತ್ತಾದಾಗ ಅವಳು ಮೂವತ್ತೈದೇ ಕೇಜಿ, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಳು. ದುರ್ಗದ ಆಸ್ಪತ್ರೆಯ ಮಾತ್ರೆ ಶುರುವಾದ ಮೇಲೆ ನಿಧಾನವಾಗಿ ಒಂದೊಂದೇ ಕೇಜಿ ಬಂತು. ತೂಗಿದವನು ಬೊಮ್ಮಣ್ಣನೇ. ಒಂದು ಕೇಜಿ ಏರಿದಾಗಲೆಲ್ಲ ತೇಜಶ್ರೀಗೆ ಒಂದು ಹಿಡಿ ಶೇಂಗಾ. ಇವತ್ತು ಮೂರು ಹಿಡಿ ಸಿಕ್ಕಿತು.

ಆ ಖುಷಿಯಲ್ಲಿ ಅವಳು ಒಂದು ಮಾತನ್ನು ಮರೆತೇಬಿಟ್ಟಿದ್ದಳು. ಅವ್ವನ ಹೃದಯ ಸೋತಿದೆ, ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ ಎಂದು ಹೋದ ತಿಂಗಳು ಆಸ್ಪತ್ರೆಯಲ್ಲಿ ಹೇಳಿದ್ದರು. ಎಚ್‌ಐವಿ ಇರುವ ಕೆಲವರಿಗೆ ಹೀಗೂ ಆಗುತ್ತದಂತೆ. ಅವ್ವನಿಗೆ ಉಪ್ಪು ಕಡಿಮೆ ಮಾಡಲು ಹೇಳಿ, ನಾಜಿಯಾ ಸಿಸ್ಟರ್ ತೇಜಶ್ರೀಯನ್ನು ಪಕ್ಕಕ್ಕೆ ಕರೆದಿದ್ದರು.

"ತೂಕ ಒಂದೇ ಸಲಕ್ಕೆ ಏರಿದ್ರೆ ಅದು ಮೈ ಅಲ್ಲ ಪುಟ್ಟಿ, ನೀರು. ಪಾದ ಒತ್ತಿ ನೋಡು. ಗುಂಡಿ ಬಿದ್ರೆ ಅವತ್ತೇ ಕರ್ಕೊಂಡು ಬಾ."

ಮನೆಯ ದಾರಿಯಲ್ಲಿ ಅವ್ವ ಎರಡನೇ ಸಲ ಕಟ್ಟೆ ಹುಡುಕಿ ಕೂತಾಗ ಆ ಮಾತು ನೆನಪಾಯಿತು. ತೇಜಶ್ರೀ ಬಗ್ಗಿ ಅವ್ವನ ಪಾದ ಒತ್ತಿದಳು. ಬೆರಳು ತೆಗೆದರೂ ಗುಂಡಿ ಹಾಗೇ ಇತ್ತು.

ಅವ್ವ ಸೀರೆ ಕೆಳಗೆಳೆದುಕೊಂಡಳು. "ನಾಳೆ ನಿನ್ನ ಟ್ರಿಪ್ ಐತೆ. ಹೋಗಿ ಬಾ. ನಾಡಿದ್ದು ಆಸ್ಪತ್ರೆಗೆ ಹೋಗಾಣ."

ಟ್ರಿಪ್ ಇದ್ದದ್ದು ಜಟಿಂಗ ರಾಮೇಶ್ವರ ಬೆಟ್ಟಕ್ಕೆ. ಅಶೋಕನ ಶಾಸನ ನೋಡಬೇಕು, ಮೆಟ್ಟಿಲು ಹತ್ತಬೇಕು, ಗೆಳತಿ ಮುಸ್ಕಾನ್ ಪಕ್ಕ ಕಿಟಕಿ ಸೀಟಿನಲ್ಲಿ ಕೂರಬೇಕು. ತೇಜಶ್ರೀಗೆ ಎರಡು ವಾರದಿಂದ ಅದೇ ಜಪ. ಒಂದೇ ದಿನ ತಾನೇ, ಏನಾಗುತ್ತೆ ಎಂದುಕೊಂಡು ಹತ್ತು ಹೆಜ್ಜೆ ಮುಂದೆ ನಡೆದಳು ಕೂಡ. ಹಿಂದೆ ಅವ್ವ ಏದುಸಿರು ಬಿಡುತ್ತಿದ್ದಳು. ತೇಜಶ್ರೀಗೆ ಸಿಟ್ಟೂ ಬಂತು, ಅಳುವೂ ಬಂತು. ಅವ್ವನನ್ನು ಅಲ್ಲೇ ಕೂರಿಸಿ ಮಂಡಿಗೆ ಓಡಿದಳು.

ಏರಿದ್ದು ಮೈ ಅಲ್ಲ, ನೀರು ಎಂದರೆ ಬೊಮ್ಮಣ್ಣ ನಂಬಲಿಲ್ಲ. ತೂಕ ಏರಿದರೆ ಒಳ್ಳೆಯದಲ್ಲವೇ ಎಂದ.

"ನೆಂದ ಶೇಂಗಾನೂ ತೂಕ ಬರ್ತೈತಲ್ಲ ಮಾಮ," ಎಂದಳು ತೇಜಶ್ರೀ.

ಬೊಮ್ಮಣ್ಣನ ಮುಖ ಸಪ್ಪಗಾಯಿತು. ಯಾರಾದರೂ ನೀರು ಚಿಮುಕಿಸಿದ ಚೀಲ ತಂದರೆ ಮುಟ್ಟಿದ ಕೂಡಲೇ ಹೇಳುವವನು ಅವನು. "ಮೂವತ್ತು ವರ್ಷದಿಂದ ತೂಗ್ತೀನಿ, ಇದು ಗೊತ್ತಾಗಲಿಲ್ಲ ನೋಡು," ಎನ್ನುತ್ತ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಬಸ್ಸಿನಲ್ಲಿ ದುರ್ಗ ಬರುವವರೆಗೂ ಅವ್ವ ಇಬ್ಬರನ್ನೂ ಬೈದಳು.

ಆಸ್ಪತ್ರೆಯಲ್ಲಿ ಮೈಯ ನೀರು ಇಳಿಯಲು ಇಂಜೆಕ್ಷನ್ ಕೊಟ್ಟರು. ಆಮೇಲೆ ಅವ್ವ ಬಾತ್‌ರೂಮಿಗೆ ಓಡಾಡಿದ್ದೇ ಓಡಾಡಿದ್ದು. ಎಷ್ಟು ಸಲ ಆಯಿತೆಂದು ಬೊಮ್ಮಣ್ಣ ಹೊರಗೆ ಕೂತು ಎಣಿಸಿದ, ಅದಕ್ಕೂ ಬೈಸಿಕೊಂಡ.

ಮರುದಿನ ಮಧ್ಯಾಹ್ನ ತೇಜಶ್ರೀ ಟೀ ತಂದಾಗ ಅವ್ವ ಮಂಚದ ಮೇಲೆ ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದಳು. ತೇಜಶ್ರೀ ನೋಡುತ್ತ ನಿಂತುಬಿಟ್ಟಳು. ನಾಲ್ಕು ರಾತ್ರಿಯಿಂದ ಅವ್ವ ಮಲಗಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಯಾಕವ್ವ ಎಂದರೆ, ಸೆಕೆ ಕಣೇ, ನೀನು ಮಲಕ್ಕೋ ಎನ್ನುತ್ತಿದ್ದಳು.

ವಾರ್ಡಿನಲ್ಲಿ ಎಲ್ಲರೂ ಸ್ವೆಟರ್ ಹಾಕಿದ್ದರು. ಡಿಸೆಂಬರ್ ತಿಂಗಳಲ್ಲಿ ಎಲ್ಲಿಯ ಸೆಕೆ? ಮಲಗಿದರೆ ಅವ್ವನಿಗೆ ಉಸಿರು ಕಟ್ಟುತ್ತಿತ್ತು.

ತೇಜಶ್ರೀ ಟೀ ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟು, ಕಂಬಳಿಯನ್ನು ಅವ್ವನ ಕತ್ತಿನವರೆಗೂ ಎಳೆದು ಹೊದಿಸಿದಳು.