ಹನ್ನೊಂದನೆಯವರ ಕಣ್ಣ ಪಾಪೆ

"ಅಳತಿ ಜಂಪರ್ ತಂದೀರೇನ್ರಿ?" ಎಂದು ಟೇಲರ್ ತಲೆ ಎತ್ತದೆಯೇ ಕೇಳಿದರು.

"ನಾ ಹೊಲಿಸಾಕ ಬಂದಿಲ್ಲ. ನಿಮ್ಮ ಕಣ್ಣು ನೋಡಾಕ ಬಂದೀನಿ" ಎಂದೆ ನಾನು.

ಹೊಲಿಗೆ ಮಷೀನು ನಿಂತಿತು. ನನ್ನ ಹಿಂದಿದ್ದ ಆಸ್ಪತ್ರೆಯ ಆಯಾ ಯಂಕಮ್ಮ ಸೆರಗು ಬಾಯಿಗಿಟ್ಟುಕೊಂಡಳು. ದೇವದುರ್ಗದ ಬಜಾರಿನಲ್ಲಿ ಒಬ್ಬ ಹೆಣ್ಣುಮಗಳು ಹಾಡಹಗಲೇ ಗಂಡಸಿಗೆ ಹೀಗೆ ಹೇಳಿದ್ದು ಅದೇ ಮೊದಲಿರಬೇಕು. ನನಗೆ ಯಾವಾಗಲೂ ಮಾತು ಆಡಿದ ಮೇಲೆಯೇ ಬುದ್ಧಿ ಬರುವುದು.

ಅದು ೧೯೮೩ರ ಶ್ರಾವಣ. ನಾನು ನೀಲಗಂಗಾ, ರಾಯಚೂರಿನವಳು. ಆಗ ಇಪ್ಪತ್ತೆಂಟು ವರ್ಷ. ಹೈದರಾಬಾದಿನ ಗುರುಗಳೊಬ್ಬರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ನರಗಳು ಹೇಗೆ ಸುದ್ದಿ ಮುಟ್ಟಿಸುತ್ತವೆ ಎನ್ನುವುದು ನನ್ನ ವಿಷಯ. ಹತ್ತಿ ಬೆಳೆಗೆ ಹೊಡೆಯುವ ಕೀಟನಾಶಕ, ನಮ್ಮ ಕಡೆಯವರ ಬಾಯಲ್ಲಿ 'ಎಣ್ಣಿ', ಆ ಸುದ್ದಿಯನ್ನು ಕೆಡಿಸುತ್ತದೆ. ಎಷ್ಟು ಕೆಡಿಸುತ್ತದೆ ಎಂದು ತಿಳಿಯಲು ಮಾನ್ವಿ ಕಡೆ ಎಣ್ಣಿ ಹೊಡೆಯುವವರನ್ನು ಆರಿಸಿಕೊಂಡಿದ್ದೆ. ಅವರ ಜೊತೆ ಹೋಲಿಸಿ ನೋಡಲು ಎಣ್ಣಿಯ ಗಾಳಿಯೂ ತಾಗದ ಹನ್ನೆರಡು ಮಂದಿ ದೇವದುರ್ಗದಲ್ಲಿ ಬೇಕಿತ್ತು. ವಾರಕ್ಕೊಮ್ಮೆ ಕಣ್ಣು, ತಿಂಗಳಿಗೊಮ್ಮೆ ರಕ್ತ. ಸೋಮವಾರ ಮಾನ್ವಿ, ಬುಧವಾರ ದೇವದುರ್ಗ, ಉಳಿದ ದಿನ ರಾಯಚೂರಿನ ಸ್ಟೇಷನ್ ರಸ್ತೆಯ ಬಾಡಿಗೆ ಕೋಣೆಯಲ್ಲಿ ಪರೀಕ್ಷೆ.

"ಎಣ್ಣಿ ಹೊಡೀತೀರೇನು?" ಎಂದು ಕೇಳಿದೆ.

"ಮಷೀನಿಗೆ ಎರಡು ಹನಿ ಬಿಡ್ತೀನ್ರಿ. ಬ್ಯಾರೆ ಎಣ್ಣಿ ಗೊತ್ತಿಲ್ಲ. ಹೊಲ ಅಣ್ಣ ನೋಡ್ತಾನ."

"ಹೆಸರು?"

"ದೊಡ್ಡಪ್ಪ."

ನನ್ನ ಪೆನ್ನು ತಡೆಯಿತು. ಇನ್ನೂ ಮೂವತ್ತು ದಾಟದ, ಹಣೆಯ ಮೇಲೆ ಕೂದಲು ಬೀಳಿಸಿಕೊಂಡು ಕೂತ ಗಂಡಸನ್ನು ಬಾಯ್ತುಂಬ ದೊಡ್ಡಪ್ಪ ಎಂದು ಕರೆಯುವುದು ನನ್ನಿಂದಾಗದ ಮಾತು. ಪಟ್ಟಿಯಲ್ಲಿ ಅವರದು ಹನ್ನೊಂದನೆಯ ನಂಬರು. ನಾನು ಅವರನ್ನು ಹನ್ನೊಂದನೆಯವರೇ ಎಂದು ಕರೆದೆ.

ಪಾಪೆ ಅಳೆಯಲು ನನ್ನ ಬಳಿ ಒಂದು ಕಾರ್ಡು ಇತ್ತು. ಸಣ್ಣದರಿಂದ ದೊಡ್ಡದರವರೆಗೆ ಕಪ್ಪು ಚುಕ್ಕೆಗಳು, ಪ್ರತಿಯೊಂದರ ಕೆಳಗೆ ಮಿಲಿಮೀಟರಿನ ಅಂಕಿ. ಕಣ್ಣಿನ ಪಕ್ಕ ಹಿಡಿದು, ಯಾವ ಚುಕ್ಕೆ ಪಾಪೆಗೆ ಹೊಂದುತ್ತದೋ ಆ ಅಂಕಿ ಬರೆದುಕೊಳ್ಳಬೇಕು. ಅದಕ್ಕೆ ಗೇಣು ದೂರಕ್ಕೆ ಬಗ್ಗಬೇಕು. ಹೊಸ ಬಟ್ಟೆಯ ಗಂಜಿ ವಾಸನೆ ಬಂತು. ಅವರು ಉಸಿರು ಹಿಡಿದಿದ್ದರು. ನಾನೂ ಹಿಡಿದಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

"ದೂರ ನೋಡ್ರಿ. ಆ ಬೇವಿನ ಗಿಡ ನೋಡ್ರಿ."

"ನೋಡಾಕತ್ತೀನ್ರಿ."

"ನೀವು ನನ್ನ ನೋಡಾಕತ್ತೀರಿ."

"ಗಿಡಕ್ಕ ಅಡ್ಡ ನೀವ ನಿಂತೀರಲ್ರಿ."

ಯಂಕಮ್ಮ ಕೆಮ್ಮಿದಳು. ನಾನು ರಿಜಿಸ್ಟರಿನಲ್ಲಿ ಐದೂವರೆ ಎಂದು ಬರೆದು ಹೊರಬಿದ್ದೆ.

ಆ ಅಂಕಿ ನನ್ನ ತಲೆ ತಿನ್ನತೊಡಗಿತು. ಅದೇ ಬಜಾರು, ಅದೇ ನೆರಳು. ಉಳಿದ ಹನ್ನೊಂದು ಮಂದಿಯ ಪಾಪೆ ನಾಲ್ಕಕ್ಕೆ ನಿಂತಿತ್ತು. ಇವರೊಬ್ಬರದು ಯಾಕೆ ಅಗಲ? ಮನಸ್ಸಿಗೆ ಬೇಕಾದದ್ದು ಎದುರಿಗೆ ಬಂದರೆ ಮಿದುಳು ಕಣ್ಣಿಗೆ ಸುದ್ದಿ ಕಳಿಸುತ್ತದೆ, ಪಾಪೆ ಅರಳುತ್ತದೆ ಎಂದು ಓದಿದ್ದೆ. ಅದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಮುಂದಿನ ಬುಧವಾರ ಕಾರ್ಡನ್ನು ಯಂಕಮ್ಮನ ಕೈಗೆ ಕೊಟ್ಟೆ. ಅವಳು ಬಗ್ಗಿದಾಗ ನಾಲ್ಕು. ನಾನು ಬಗ್ಗಿದಾಗ ಐದೂವರೆ. ಮೂರು ಬುಧವಾರ ಹೀಗೇ ಮಾಡಿ ನೋಡಿದೆ. ಸಂಶೋಧನೆಗೆ ಅದರ ಅಗತ್ಯ ಇರಲಿಲ್ಲ.

ಒಂದು ದಿನ ಅವರೇ ಕೇಳಿದರು. "ಈ ಕಣ್ಣಿನಾಗ ಏನ್ ಹುಡುಕಾಕತ್ತೀರಿ?"

"ಕೈ ಎತ್ತು ಅಂತ ಮಿದುಳು ಅಂದ್ರ, ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅಂತ ಒಂದು ರಾಸಾಯನಿಕ ಹೊಂಡ್ತದ" ಎಂದೆ. "ಅದನ್ನ ಹಿಡಿಯಾಕ ಆ ಕಡಿ ರಿಸೆಪ್ಟರ್ ಇರ್ತಾವ. ಗುಂಡಿಗೆ ಕಾಜಾ ಇದ್ದಂಗ."

"ಹಾಕಿದ ಗುಂಡಿ ಬಿಚ್ಚಬೇಕಲ್ರಿ?"

ನನಗೆ ಖುಷಿಯಾಯಿತು. ಇಷ್ಟು ಚುರುಕಾಗಿ ಹೈದರಾಬಾದಿನಲ್ಲೂ ಯಾರೂ ಕೇಳಿರಲಿಲ್ಲ. "ಬಿಚ್ಚಾಕ ಒಂದು ಎಂಜೈಮ್ ಅದ. ಎಣ್ಣಿ ಅದರ ಕೈ ಕಟ್ಟಿಹಾಕ್ತದ. ಆಮ್ಯಾಲೆ ಒಮ್ಮೆ ಹೇಳಿದ ಮಾತು ನಿಲ್ಲಂಗಿಲ್ಲ, ಹೇಳ್ತನ ಇರ್ತದ. ತಲಿ ನೋಯ್ತದ, ಮೂಗು ಸೋರ್ತದ, ಕಣ್ಣು ಮಂಜಾಗ್ತದ. ಪಾಪಿ ಎಳ್ಳುಕಾಳಿನಷ್ಟು ಸಣ್ಣಾಗ್ತದ. ಹೆಚ್ಚಾದ್ರ ಉಸಿರು ನಿಲ್ತದ."

ಅವರು ಸ್ವಲ್ಪ ಹೊತ್ತು ಕತ್ತರಿಯನ್ನು ತಿರುಗಿಸುತ್ತ ಕೂತರು. "ಒಮ್ಮೆ ಕೇಳಿದ ಮಾತು ವಾರಗಟ್ಟಲೆ ಕಿವ್ಯಾಗ ಹಂಗ ಇರೂದು ಎಣ್ಣಿ ಮುಟ್ಟಲಾರದವ್ರಿಗೂ ಆಗ್ತದೇನ್ರಿ?"

"ಯಾವ ಮಾತು?"

"'ನಿಮ್ಮ ಕಣ್ಣು ನೋಡಾಕ ಬಂದೀನಿ' ಅಂದಿದ್ರಲ್ಲ, ಅದು."

ನಾನು ರಿಜಿಸ್ಟರ್ ಮುಚ್ಚಿ ಎದ್ದೆ. ಪಟ್ಟಿಯಲ್ಲಿರುವವರ ಜೊತೆ ಸಲಿಗೆ ಬೇಡ ಎಂದು ಗುರುಗಳು ಮೊದಲೇ ಎಚ್ಚರಿಸಿದ್ದರು. ಮನಸ್ಸು ಒಂದು ಕಡೆ ವಾಲಿದರೆ ಅಂಕಿಯೂ ವಾಲುತ್ತದೆ ಎನ್ನುವುದು ಅವರ ಮಾತು. ಹಾಗಾಗಿ ನಾನು ಹೇಳುವಂತಿರಲಿಲ್ಲ. ಅವರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಊರೂರು ಸುತ್ತದ ದಿನಗಳಲ್ಲಿ ರಾಯಚೂರಿನ ಕೋಣೆಯಲ್ಲಿ ರಕ್ತದ ನಳಿಕೆಗಳ ಮುಂದೆ ಕೂತು, ಇನ್ನೆಷ್ಟು ದಿನ ಎಂದು ಬೆರಳು ಮಡಚುತ್ತಿದ್ದೆ. ಕರೆಂಟು ಹೋದರೆ ಪರೀಕ್ಷೆ ಕೆಟ್ಟಿತೆಂದು ಬೈಯುತ್ತಿದ್ದವಳು, ಈಗ ಕತ್ತಲಲ್ಲಿ ಸುಮ್ಮನೆ ಕೂತು ಆ ಐದೂವರೆಯನ್ನು ನೆನೆಯುತ್ತಿದ್ದೆ.

ದೀಪಾವಳಿ ಹತ್ತಿರ ಬಂತು. ಆ ಬುಧವಾರ ದಾರಿಯಲ್ಲೇ ಯಂಕಮ್ಮ ಸುದ್ದಿ ಹೇಳಿದಳು. "ಟೇಲರ್‌ಗೆ ಸಿರವಾರದಾಗ ಹೆಣ್ಣು ನೋಡ್ಯಾರಂತ್ರಿ. ಅವ್ರ ಅತ್ತಿಗಿ ಬಸವಂತಮ್ಮ ಹೋಗಿ ಬಂದಾಳಂತ."

ನಾನು ಏನೂ ಆಗದವಳಂತೆ ಅಂಗಡಿ ಹತ್ತಿದೆ. ಅವರು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು. ನನ್ನನ್ನು ನೋಡಿ ನಗಲಿಲ್ಲ.

"ಯಾಕ, ಇವತ್ತು ಮಾತಿಲ್ಲ?"

"ತಲಿ ನೋಯಾಕತ್ತದ್ರಿ" ಎಂದು ಮೂಗು ಒರೆಸಿಕೊಂಡರು.

ಕಾರ್ಡು ಹಿಡಿದು ಬಗ್ಗಿದೆ. ಗೇಣು ದೂರ, ಅದೇ ಗಂಜಿ ವಾಸನೆ. ಪಾಪೆ ಎರಡಕ್ಕೆ ಇಳಿದಿತ್ತು. ನಾನು ಇನ್ನೂ ಹತ್ತಿರ ಹೋದೆ. ಎರಡೇ. ಅರಳಲಿಲ್ಲ.

ಸಿರವಾರದ ಹೆಣ್ಣು ಒಪ್ಪಿಗೆಯಾಗಿದೆ, ಕಣ್ಣೇ ಹೇಳುತ್ತಿದೆಯಲ್ಲ ಎಂದುಕೊಂಡೆ. ಬಾಯಿ ಸುಳ್ಳು ಹೇಳಬಹುದು, ಪಾಪೆ ಹೇಳುವುದಿಲ್ಲ. ರಿಜಿಸ್ಟರಿನಲ್ಲಿ ಎರಡು ಎಂದು ಬರೆದೆ, ರಟ್ಟು ಮುಚ್ಚಿದೆ, "ಹಬ್ಬ ಛಂದಾಗಲಿ" ಎಂದು ಹೇಳಿ ಇಳಿದೆ. ಅವರು ಹಿಂದಿನಿಂದ ಏನೋ ಅಂದರು. ನಾನು ತಿರುಗಲಿಲ್ಲ. ಬಸ್ಸಿನಲ್ಲಿ ರಾಯಚೂರಿನವರೆಗೂ ಅತ್ತೆ. ಪಕ್ಕದ ಮುದುಕಿ ಯಾರು ತೀರಿಕೊಂಡರೆಂದು ಕೇಳಿದಳು.

ಸೋಮವಾರ ಮಾನ್ವಿಗೆ ಹೋದೆ. ಮನಸ್ಸಿರಲಿಲ್ಲ, ಆದರೂ ಕೆಲಸ ಕೆಲಸವೇ. ಮೊದಲು ಬಂದವರು ಶರಣಯ್ಯ ಎಂಬ ಹಿರಿಯರು. ಹಿಂದಿನ ದಿನ ನಾಲ್ಕೆಕರೆ ಹತ್ತಿಗೆ ಎಣ್ಣಿ ಹೊಡೆದಿದ್ದರು.

"ತಲಿ ಸಿಡ್ಯಾಕತ್ತದ ಯವ್ವಾ" ಎಂದು ಮೂಗು ಒರೆಸಿಕೊಂಡರು.

ಕಾರ್ಡು ಹಿಡಿದೆ. ಎರಡು.

ರಿಜಿಸ್ಟರಿನ ಹಾಳೆ ಹಿಂದಕ್ಕೆ ತಿರುಗಿಸಿದೆ. ಬುಧವಾರ, ಹನ್ನೊಂದನೆಯ ನಂಬರು, ಎರಡು. ನನ್ನದೇ ಅಕ್ಷರ. ತಲೆನೋವು, ಸೋರುವ ಮೂಗು, ದಾರ ಕಾಣದ ಕಣ್ಣು. ಎರಡು ವರ್ಷ ಓದಿದ್ದು ಇದನ್ನೇ, ಊರೂರು ಅಲೆದದ್ದು ಇದನ್ನು ಹುಡುಕಿಕೊಂಡೇ. ಅದು ಎದುರಿಗೆ ಬಂದು ಕೂತಾಗ, ಪ್ರೀತಿ ಆರಿತೆಂದು ಮುನಿಸಿಕೊಂಡು ಹೋಗಿದ್ದೆ.

ಶರಣಯ್ಯನವರನ್ನು ಅಲ್ಲಿಯ ಡಾಕ್ಟರ ಎದುರು ಕೂರಿಸಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಸಿರವಾರದಲ್ಲಿ ಬಸ್ಸು ಬದಲಿಸಬೇಕಿತ್ತು. ಮುಕ್ಕಾಲು ಗಂಟೆ ಕಾದೆ. ನೀರಿಗೆ ಹೋಗುವ ಹುಡುಗಿಯರನ್ನು ನೋಡುತ್ತ, ಇವರಲ್ಲಿ ಯಾರೇ ಆಗಲಿ, ಅವಳನ್ನೇ ಮದುವೆಯಾಗಲಿ, ಬದುಕಿ ಉಳಿಯಲಿ ಎಂದು ಬೇಡಿಕೊಂಡೆ. ನಾನು ಹಾಗೆಲ್ಲ ಬೇಡಿಕೊಳ್ಳುವ ಪೈಕಿ ಅಲ್ಲ.

ದೇವದುರ್ಗದಲ್ಲಿ ಅಂಗಡಿ ಮುಚ್ಚಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಯಂಕಮ್ಮ ಸಿಕ್ಕಳು.

"ಟೇಲರ್ ಬೆಳಿಗ್ಗೆ ಹೊಲದಾಗ ಬಿದ್ದಿದ್ರಂತ್ರಿ. ಅಣ್ಣ ಕೈ ಮುರಕೊಂಡು ಕುಂತಾನಂತ, ಹೋದ ವಾರದಿಂದ ಎಣ್ಣಿ ಇವ್ರ ಹೊಡ್ಯಾಕತ್ತಿದ್ರಂತ. ಆರು ಸೂಜಿ ಆಗ್ಯಾವ. ಉಳಿತಾರಂತ, ಡಾಕ್ಟರ್ ಅಂದ್ರು."

ನಾನು ಒಳಗೆ ಹೋದೆ.

ಅವರು ಗೋಡೆಗೆ ಒರಗಿ ಮಲಗಿದ್ದರು. ನನ್ನತ್ತ ತಿರುಗಿದ ಎರಡೂ ಕಣ್ಣು ಪೂರ್ತಿ ಅರಳಿದ್ದವು, ಇಡೀ ಕಣ್ಣೇ ಪಾಪೆ ಎನ್ನುವ ಹಾಗೆ. ನನಗೆ ಸಂತೋಷವಾಗಲಿಲ್ಲ. ಅದು ಎಣ್ಣಿಯ ವಿಷ ಇಳಿಸಲು ಕೊಟ್ಟ ಅಟ್ರೋಪಿನ್ ಸೂಜಿಯ ಕೆಲಸ. ಆ ಕಣ್ಣು ಸುಣ್ಣದ ಗೋಡೆ ನೋಡಿದರೂ ಅಷ್ಟೇ ಅಗಲ.

"ಎಣ್ಣಿ ಹೊಡ್ಯಾಕತ್ತೀನಿ ಅಂತ ಯಾಕ ಹೇಳಲಿಲ್ಲ?" ಎಂದೆ. ಅಳು ಬರುವ ಕಡೆ ನನಗೆ ಸಿಟ್ಟು ಬರುತ್ತದೆ.

ಅವರು ತುಟಿ ಅಲುಗಿಸಿದರು. ಮಾತು ಬರಲಿಲ್ಲ. ಸೂಜಿಗೆ ಬಾಯಿ ಒಣಗಿ ಹೋಗಿತ್ತು. ಚಮಚದಲ್ಲಿ ನೀರು ಹಾಕಿದೆ.

"ಹೇಳಿದ್ರ ಪಟ್ಟಿಯಿಂದ ಹೆಸರು ಹೊಡದು ಹಾಕ್ತಿದ್ರಿ."

"ಹಾಕ್ತಿದ್ದೆ. ಅದಕ್ಕೇನೀಗ?"

"ಬುಧವಾರ ನೀವು ಬರ್ತಿರಲಿಲ್ಲ."

ನಾನು ಚಮಚ ಕೆಳಗಿಟ್ಟೆ. "ಸಿರವಾರದ ಹೆಣ್ಣು?"

"ಅತ್ತಿಗಿ ನೋಡಿ ಬಂದಾಳ. ನಾ ಒಲ್ಲೆ ಅಂದೀನಿ. ಅವತ್ತ ಹೇಳಬೇಕಂದೆ, ನೀವು ಇಳದು ಹೋದ್ರಿ."

ಇನ್ನು ಮುಚ್ಚಿಡುವುದು ಪಾಪ ಅನ್ನಿಸಿತು. "ಬುಧವಾರ ನಿಮ್ಮ ಪಾಪಿ ಸಣ್ಣಾಗಿದ್ದು ನಾ ನೋಡೀನಿ. ನನ್ನ ಕೈಯಿಲೆ ಬರದೀನಿ. ವಿಷ ಅಂತ ತಿಳೀಲಿಲ್ಲ ನನಗ. ವಾರಾ ವಾರಾ ನನ್ನ ನೋಡಿ ಅಗಲಾಗ್ತಿದ್ವು, ಅವತ್ತು ಆಗಲಿಲ್ಲ. ನನ್ನ ಮ್ಯಾಲೆ ಮನಸಿಲ್ಲ ಅಂತ ತಿಳಕೊಂಡೆ. ನಿಮ್ಮನ್ನ ಸಾಯಾಕ ಬಿಟ್ಟು ಹೋಗಿದ್ದೆ ನಾ."

ಅವರು ಗೋಡೆಯಿಂದ ಬೆನ್ನು ಎತ್ತಿದರು. "ಅಗಲಾಗ್ತಿದ್ವೇನು?"

"ನಾ ಬಗ್ಗಿದ್ರ ಐದೂವರಿ. ಯಂಕಮ್ಮ ಬಗ್ಗಿದ್ರ ನಾಲ್ಕು."

"ಅಂದ್ರ ನಿಮಗ ಮೊದಲ ಗೊತ್ತಿತ್ತು?"

"ಮೂರನೇ ಬುಧವಾರದಿಂದ."

"ಹೇಳಬಾರದೇನ್ರಿ ಮತ್ತ?"

"ನೀವು ಹೇಳಬಾರದೇನು?"

ಅವರು ನಕ್ಕರು, ಕೆಮ್ಮು ಬಂತು, ಮತ್ತೆ ನೀರು ಕೊಟ್ಟೆ. "ಈಗ ಎಷ್ಟು ಅದ ನೋಡ್ರಿ."

"ಈಗ ಅದು ಔಷಧಿದು. ಈ ಕಣ್ಣು ನಾ ನಂಬಂಗಿಲ್ಲ. ಬಾಯಿಲೆ ಹೇಳ್ರಿ."

"ನಿಮ್ಮ ಮ್ಯಾಲೆ ನನಗ ಭಾಳ ಜೀವ ಅದ, ನೀಲಗಂಗಮ್ಮ."

ಒಣಗಿದ ಬಾಯಿಂದ ಒಂದೊಂದೇ ಶಬ್ದ ಕಿತ್ತು ತೆಗೆದ ಹಾಗೆ ಬಂತು. ನನ್ನ ಕಣ್ಣು ತುಂಬಿತು. ನನಗೂ ಅಷ್ಟೇ ಜೀವ ಇದೆ ಎಂದು ಹೇಳಿದೆ. ಬಾಗಿಲಲ್ಲಿದ್ದ ಯಂಕಮ್ಮನಿಗೆ ಕೇಳಿದರೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಆಮೇಲೆ ಚೀಲದಿಂದ ರಿಜಿಸ್ಟರ್ ತೆಗೆದು, ಅವರ ಕಣ್ಣೆದುರೇ ಹನ್ನೊಂದನೆಯ ಹೆಸರಿನ ಮೇಲೆ ಗೀಟು ಎಳೆದೆ. ಕಾರಣ ಎಂಬಲ್ಲಿ, ಎಣ್ಣಿ ಹೊಡೆದಿದ್ದಾರೆ, ಲಕ್ಷಣ ಕಂಡೂ ಗುರುತಿಸದಿದ್ದುದು ನನ್ನ ತಪ್ಪು ಎಂದು ಬರೆದೆ. ಗುರುಗಳು ಏನು ಬೇಕಾದರೂ ಅನ್ನಲಿ.

ಅವರು ಗಾಬರಿಯಾದರು. "ಹಂಗಾರ ಬುಧವಾರ?"

"ಬುಧವಾರ ಪಟ್ಟಿಯವ್ರಿಗೆ. ಉಳದ ಆರು ದಿನ ನಿಮಗ."

ಅರಳಿದ ಕಣ್ಣುಗಳಲ್ಲಿ ಅವರು ನನ್ನನ್ನು ಹುಡುಕಿ ಹುಡುಕಿ ನೋಡಿದರು. ಹತ್ತಿರದ್ದು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

"ಇದು ಖರೇನೋ, ಸೂಜಿ ಅಮಲಿನಾಗ ಕೇಳಾಕತ್ತದೋ?"

"ನಾಳೆ ಇಳದಿರ್ತದ. ನಾಳೆ ಮತ್ತ ಹೇಳ್ತೀನಿ."

ಆ ರಾತ್ರಿ ಯಂಕಮ್ಮನ ಮನೆಯಲ್ಲಿ ಉಳಿದೆ. ಮಂಗಳವಾರ ಬೆಳಿಗ್ಗೆ ಹೋಗಿ ಮತ್ತೆ ಹೇಳಿದೆ.