ಸೈಕಲ್ ಮಾಸ್ತರರ ಕಾಲ್ನಡಿಗೆ

ಸವಾರನಿಲ್ಲದ ಸೈಕಲ್ಲೊಂದು ಇಳಿಜಾರಿನಲ್ಲಿ ತನ್ನ ಪಾಡಿಗೆ ತಾನು ಓಡಿ ಬಂದು ತಾರಾಬಾಯಿಯ ಕಾಲ ಬುಡದಲ್ಲಿ ದಬಕ್ಕನೆ ಬಿತ್ತು.

ಅವಳು ಗಾಬರಿಯಿಂದ ಹಿಂದೆ ಸರಿದು ಬುತ್ತಿಯ ಗಂಟನ್ನು ಎದೆಗೆ ಅವುಚಿಕೊಂಡಳು. ಬಿದ್ದ ಸೈಕಲ್ಲಿನ ಗಾಲಿ ಇನ್ನೂ ಗರಗರ ತಿರುಗುತ್ತಿತ್ತು...

ಅದರ ಹಿಂದೆಯೇ ಒಂದು ಕೈಯಲ್ಲಿ ಕರಿ ಟೋಪಿ, ಇನ್ನೊಂದರಲ್ಲಿ ಕೋಟಿನ ತುದಿ ಹಿಡಿದು ತರುಣನೊಬ್ಬ ಏದುತ್ತ ಓಡಿ ಬಂದ. ಬಂದವನೇ ಮೊಣಕಾಲೂರಿ ಕೂತ.

"ಪೆಟ್ಟಾತೇನು?" ಎಂದು ಕೇಳಿದ.

ಆ ದನಿಯಲ್ಲಿ ಎಷ್ಟೊಂದು ಕಳವಳ! ತಾರಾಬಾಯಿಯ ಎದೆ ಝಲ್ಲೆಂದಿತು.

"ನನಗೇನೂ ಆಗಿಲ್ರಿ," ಎಂದಳು ಮೆಲ್ಲಗೆ.

ಸೈಕಲ್ಲಿನ ದೀಪವನ್ನು ಸವರುತ್ತಿದ್ದ ಆತ ತಲೆಯೆತ್ತಿ ಅವಳನ್ನು ನೋಡಿದ. ಅಲ್ಲೊಬ್ಬ ಹೆಣ್ಣುಮಗಳು ನಿಂತಿದ್ದಾಳೆಂಬುದು ಆಗಷ್ಟೇ ಅವನ ಗಮನಕ್ಕೆ ಬಂದಂತಿತ್ತು. ಕಿವಿಗಳೆರಡೂ ಕೆಂಪಾದವು.

"ಹೌದ್ರಿ... ನಿಮ್ಮನ್ನ ಕೇಳಿದೆ," ಎಂದ.

ಅದು ಸಾವಿರದ ಒಂಬೈನೂರ ಮೂವತ್ತೇಳರ ಮೃಗಶಿರಾ ಮಳೆಯ ಕಾಲ. ತಾರಾಬಾಯಿ ಮಸಗುಪ್ಪಿಯ ಹೆಣ್ಣುಮಕ್ಕಳ ಸಾಲೆಯ ಅಕ್ಕೋರು. ಹೆತ್ತವರು ಮೇಲವಂಕಿಯಲ್ಲಿದ್ದರು. ಅವಳು ಮೂಡಲಗಿಯಲ್ಲಿ ಅವ್ವನ ತಂಗಿ, ಮಾವಶಿ ಕಮಲಾಬಾಯಿಯ ಮನೆಯಲ್ಲಿದ್ದು ದಿನವೂ ಸಾಲೆಗೆ ನಡೆದು ಹೋಗಿ ಬರುತ್ತಿದ್ದಳು. ಮದುವೆಯಾಗುವ ತನಕ ಕಲಿಸಲಿ ಎಂದು ಅಪ್ಪ ಒಪ್ಪಿದ್ದರು. ಆ ಮದುವೆ ಆದಷ್ಟು ತಡವಾಗಲಿ ಎಂದು ಅವಳು ದಿನವೂ ಬಸದಿಯಲ್ಲಿ ಕೈಮುಗಿಯುತ್ತಿದ್ದಳು.

ಸೈಕಲ್ಲಿನವನ ಹೆಸರು ವರ್ಧಮಾನ. ಮಸಗುಪ್ಪಿಯ ಗಂಡುಮಕ್ಕಳ ಸಾಲೆಗೆ ಹೊಸದಾಗಿ ಬಂದ ಮಾಸ್ತರ. ಮೂಡಲಗಿಯಲ್ಲಿ ಸೋದರಮಾವ ಆದಿನಾಥರ ಮನೆಯಲ್ಲಿ ಇಳಿದಿದ್ದ. ಯಮಕನಮರಡಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಅವನ ಅಪ್ಪ ಬಾಪುಸಾಹೇಬರು, ಮಗ ಬಿಸಿಲಲ್ಲಿ ನಡೆಯಬಾರದೆಂದು ಬೆಳಗಾವಿಯಿಂದ ಈ ಸೈಕಲ್ ತರಿಸಿಕೊಟ್ಟಿದ್ದರು. ಬರೀ ಸೈಕಲ್ಲಲ್ಲ. ಎಣ್ಣೆಯ ದೀಪ, ಎರಡು ಸ್ವರದ ಗಂಟೆ, ಗಾಳಿ ಹಾಕುವ ಪಂಪು, ಧೋತರ ಸರಪಳಿಗೆ ಸಿಗದಂತೆ ಕಾಲಿಗೆ ಹಾಕುವ ಹಿತ್ತಾಳೆಯ ಕ್ಲಿಪ್ಪು... ಒಂದೂ ಕಡಿಮೆಯಿರಲಿಲ್ಲ.

ಕಡಿಮೆಯಿದ್ದದ್ದು ಒಂದೇ. ವರ್ಧಮಾನನಿಗೆ ಸೈಕಲ್ ಹತ್ತಲು ಬರುತ್ತಿರಲಿಲ್ಲ.

ಇದು ತಾರಾಬಾಯಿಗೆ ಹೇಗೆ ಗೊತ್ತಾಗಬೇಕು? ತಾನು ದೂಡಿಕೊಂಡು ಬರುತ್ತಿದ್ದಾಗ ಕೈತಪ್ಪಿತೆಂದು ಆತ ಹೇಳಲಿಲ್ಲ. ಬ್ರೇಕಿನ ಮೇಲೆ ತಪ್ಪು ಹೊರಿಸಿದ. ಸೈಕಲ್ಲನ್ನು ಎತ್ತಿ ನಿಲ್ಲಿಸಿ ಅವಳ ಬಾಜೂಕ್ಕೇ ನಡೆಯತೊಡಗಿದ.

"ನನ್ನ ಸಲುವಾಗಿ ನಡೀಬ್ಯಾಡ್ರಿ ಮಾಸ್ತರ್ರ. ನೀವು ಹತ್ತಿಕೊಂಡು ಮುಂದ ಹೋಗ್ರಿ," ಎಂದಳು ತಾರಾಬಾಯಿ.

ಆತ ಸೈಕಲ್ಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ. "ಇರಲಿ ಬಿಡ್ರಿ. ನಡದರ ಮೈಗೆ ಛಲೋ," ಎಂದ.

ಹೊಸ ಸೈಕಲ್ ಇದ್ದೂ ಒಬ್ಬಳು ಹೆಣ್ಣುಮಗಳು ಒಂಟಿಯಾಗಬಾರದೆಂದು ಕೆಸರಿನಲ್ಲಿ ನಡೆಯುವ ಗಂಡಸು! ತಾರಾಬಾಯಿ ಸೆರಗು ಸರಿಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು.

ಮರುದಿನವೂ ಆತ ನಡೆದೇ ಬಂದ. ಹಿಂದಿನ ಗಾಲಿ ಪಂಚರಾಗಿದೆ ಎಂದ. ಇನ್ನೊಂದು ದಿನ ಎದುರುಗಾಳಿ ಬಹಳ ಎಂದ. ಆ ದಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮತ್ತೊಂದು ದಿನ, ಹೊಸ ಸೈಕಲ್ಲು ಹೊಸ ಹೋರಿಯ ಹಾಗೆ, ಹತ್ತುವ ಮೊದಲು ನಡೆಸಿ ಹದ ಮಾಡಬೇಕು ಎಂದು ತಿಳಿಸಿ ಹೇಳಿದ. ಕ್ಲಿಪ್ಪು ಮಾತ್ರ ದಿನವೂ ಕಾಲಲ್ಲಿ ಇರುತ್ತಿತ್ತು.

ತಾರಾಬಾಯಿ ಒಂದೊಂದು ನೆಪಕ್ಕೂ ಒಳಗೊಳಗೇ ನಕ್ಕಳು. ಪಾಪ, ಖರೆ ಮಾತು ಹೇಳಲು ಎಷ್ಟು ನಾಚಿಕೆ ಇವರಿಗೆ... ನನ್ನ ಜೊತೆ ನಡೆಯುವ ಆಸೆ ಎಂದು ಬಾಯಿಬಿಟ್ಟು ಹೇಳಲಾಗದೆ ಗಾಳಿಯನ್ನು ಬೈಯುತ್ತಾರೆ!

ದೀಪಾವಳಿ ಕಳೆದು ಹಗಲು ಗಿಡ್ಡವಾಯಿತು. ಇಬ್ಬರದೂ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಲೆಯೂ ಇಲ್ಲ, ಊಟವೂ ಇಲ್ಲ. ತಾರಾಬಾಯಿಗೆ ಮಾವಶಿ ಸಂಜೆಯ ರೊಟ್ಟಿಯನ್ನೂ ಕಟ್ಟಿ ಕೊಡುತ್ತಿದ್ದಳು. ವರ್ಧಮಾನನಿಗೆ ಕೊಡುವವರಿಲ್ಲ. ಸೈಕಲ್ ಇದ್ದವನಿಗೆ ಬುತ್ತಿ ಯಾಕೆ, ಕಣ್ಣು ಮಿಟುಕಿಸುವುದರೊಳಗೆ ಮನೆಗೆ ಬರುತ್ತಾನಲ್ಲ ಎಂದು ಆದಿನಾಥರ ಹೆಂಡತಿಯ ಲೆಕ್ಕ. ಆತ ನಡೆದು ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ನೀರೂ ಕುಡಿಯದೆ ಮಲಗುತ್ತಿದ್ದ.

ಒಂದು ಸಂಜೆ ದಾರಿಯಲ್ಲಿ ಅವನ ಹೊಟ್ಟೆ ಗುರ್ರೆಂದದ್ದು ತಾರಾಬಾಯಿಗೆ ಕೇಳಿಸಿತು. ಒತ್ತಾಯ ಮಾಡಿ ಕೇಳಿದಾಗ ಸಂಗತಿ ಹೊರಬಿತ್ತು. ಅವಳ ಕಣ್ಣಲ್ಲಿ ನೀರೇ ಬಂತು. ನನ್ನ ಸಲುವಾಗಿ ಉಪವಾಸ ಮಲಗುತ್ತಾರೆ... ಅದೂ ಇಷ್ಟು ದಿನದಿಂದ!

ಮರುದಿನದಿಂದ ಬುತ್ತಿಯಲ್ಲಿ ರೊಟ್ಟಿ ಹೆಚ್ಚಾದವು. ಸೂರ್ಯ ಮುಳುಗುವ ಮುನ್ನ ದಾರಿಯ ಬೇವಿನ ಮರದ ಕೆಳಗೆ ಕೂತು, ನಡುವೆ ಸೈಕಲ್ಲನ್ನು ಗೋಡೆಯಂತೆ ನಿಲ್ಲಿಸಿ, ಆಚೆಗೊಬ್ಬರು ಈಚೆಗೊಬ್ಬರು ರೊಟ್ಟಿ, ಗುರೆಳ್ಳು ಚಟ್ನಿ ತಿನ್ನುತ್ತಿದ್ದರು. ಮರ್ಯಾದೆಗೆ ಅಷ್ಟು ಸಾಕೆಂದು ಇಬ್ಬರೂ ತಿಳಿದಿದ್ದರು. ಹಾದುಹೋಗುವ ಜನ ಹಾಗೆ ತಿಳಿಯಲಿಲ್ಲ.

ಸುದ್ದಿ ಮೂಡಲಗಿ ಮುಟ್ಟಿತು. ಕಮಲಾಬಾಯಿಗೆ ಸಿಟ್ಟು ಬರಲಿಲ್ಲ, ಖುಷಿಯೇ ಆಯಿತು. ಹುಡುಗ ನಮ್ಮವನೇ, ಕಲಿತವನು, ಮೇಲಾಗಿ ಸೈಕಲ್ ಇದ್ದವನು. ಆಕೆ ಆದಿನಾಥರ ಮನೆಗೆ ಹೋಗಿ ಮಾತೆತ್ತಿದಳು. ಮದುವೆಯ ಮೇಲೂ ಕಲಿಸಲು ಬಿಡುತ್ತಾರಂತೆ ಎಂಬ ಮಾತನ್ನೂ ಹೊತ್ತು ತಂದಳು. ಅಂದು ತಾರಾಬಾಯಿ ಬಸದಿಯಲ್ಲಿ ಮದುವೆ ತಡವಾಗಲಿ ಎಂದು ಕೇಳುವುದನ್ನು ಮರೆತಳು.

ಎಲ್ಲವೂ ಕೆಟ್ಟದ್ದು ಒಂದು ಬೀಗದ ಕೈಯಿಂದ.

ಸಾಲೆಯ ತಪಾಸಣೆಗೆ ಸಾಹೇಬರು ಬರುವ ದಿನವೇ ತಾರಾಬಾಯಿ ಸಾಲೆಯ ಕೀಲಿಕೈಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದಳು. ಬಾಗಿಲ ಮುಂದೆ ನಿಂತಾಗ ನೆನಪಾಯಿತು. ಗಂಡುಮಕ್ಕಳ ಸಾಲೆಗೆ ಓಡಿ ವರ್ಧಮಾನನನ್ನು ಕರೆದು, ಸೈಕಲ್ ಮೇಲೆ ಲಗೂನೆ ಹೋಗಿ ತಂದುಕೊಡಬೇಕೆಂದು ಬೇಡಿಕೊಂಡಳು.

ಆತನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ... ಅವಳ ಕಣ್ಣು ನೋಡಿ ಮುಚ್ಚಿಕೊಂಡ. ಸೈಕಲ್ ಹಿಡಿದು ಹೊರಟೇ ಹೋದ.

ಸಾಹೇಬರು ಬಂದರು. ಹುಡುಗಿಯರನ್ನು ಮರದ ಕೆಳಗೆ ಕೂರಿಸಿ ಮಗ್ಗಿ ಹೇಳಿಸಿದ್ದಾಯಿತು. ಬೀಗ ಹಾಕಿದ ಬಾಗಿಲನ್ನೂ ಅಕ್ಕೋರನ್ನೂ ಸಾಹೇಬರು ಹಲವು ಸಲ ನೋಡಿ ಹೊರಟರು. ಅವರು ಊರು ದಾಟಿದ ಎಷ್ಟೋ ಹೊತ್ತಿನ ಮೇಲೆ ವರ್ಧಮಾನ ಬಂದ. ಅಂಗಿ ಬೆವರಿಗೆ ಅಂಟಿತ್ತು. ಏದುತ್ತಲೇ ಕೀಲಿಕೈಯನ್ನು ಮುಂದೆ ಹಿಡಿದ.

ಅವನ ಹಿಂದೆಯೇ ಎತ್ತಿನ ಗಾಡಿಯಲ್ಲಿ ಊರ ರೈತ ದುಂಡಪ್ಪ ಬಂದ. ನಕ್ಕು ನಕ್ಕು ಅವನ ಹೊಟ್ಟೆ ಹಿಡಿದುಕೊಂಡಿತ್ತು.

"ಅಕ್ಕೋರ, ನಿಮ್ಮ ಮಾಸ್ತರು ಮೂಡಲಗಿ ಮಟಾ ಸೈಕಲ್ ಹಿಡಕೊಂಡು ಓಡಿದ್ರು, ತಿರುಗಿ ಓಡಿ ಬಂದ್ರು. ಸೈಕಲ್ ಹತ್ರಿ ಅಂದ್ರ, ಹತ್ತಾಕ ಬರಂಗಿಲ್ಲ ಅಂದ್ರು. ಹಂಗಾದ್ರ ಅದನ್ನ ಇಲ್ಲೇ ಬಿಟ್ಟು ಓಡಬೇಕಿತ್ತಿಲ್ರಿ!"

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು.

ತಾರಾಬಾಯಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸಾಹೇಬರ ಮುಂದಾದ ಅವಮಾನಕ್ಕಲ್ಲ. ಹಾಗಾದರೆ ಆ ಪಂಚರು, ಆ ಎದುರುಗಾಳಿ, ಆ ಉಪವಾಸ... ಯಾವುದೂ ನನಗಾಗಿ ಅಲ್ಲ. ಬರುವುದಿಲ್ಲವೆಂದು ನಡೆದರು. ನಾನು ಹುಚ್ಚಿ, ಹೆಣೆದುಕೊಂಡೆ ಇಷ್ಟುದ್ದದ ಕನಸು!

"ಮೊದಲ ಯಾಕ ಹೇಳಲಿಲ್ಲ?" ಎಂದು ಕೇಳಿದಳು.

"ಹೇಳಬೇಕಂತ ಇದ್ದೆ ಅಕ್ಕೋರ. ಆದರ ನೀವು..."

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ.

ಅಂದು ಸಂಜೆ ಒಬ್ಬಳೇ ಬೇರೆ ದಾರಿಯಲ್ಲಿ ಮನೆಗೆ ಬಂದು, ಆ ಸಂಬಂಧ ತನಗೆ ಬೇಡ ಎಂದು ಮಾವಶಿಗೆ ಹೇಳಿಬಿಟ್ಟಳು. ಕಾರಣ ಕೇಳಿದರೆ ಹೇಳಲಿಲ್ಲ. ತನ್ನ ಕನಸು ಸುಳ್ಳಾಯಿತೆಂಬುದನ್ನು ಯಾವ ಬಾಯಿಂದ ಹೇಳುವುದು? ಆದಿನಾಥರು ಮುನಿಸಿಕೊಂಡರು. ಮೇಲವಂಕಿಯಲ್ಲಿದ್ದ ಅಪ್ಪ ಗೋಕಾಕದ ಒಬ್ಬ ವ್ಯಾಪಾರಸ್ಥರ ಮನೆಯಲ್ಲಿ ಮಾತು ಶುರುಮಾಡಿದರು. ಅವರ ಮನೆಯ ಸೊಸೆಯರು ಹೊಸ್ತಿಲು ದಾಟಿ ದುಡಿಯಲು ಹೋಗುವ ಪದ್ಧತಿ ಇರಲಿಲ್ಲ.

ಕೆಲವು ದಿನ ವರ್ಧಮಾನ ದಾರಿಯಲ್ಲಿ ಕಾಣಿಸಲೇ ಇಲ್ಲ. ಅವಳು ಹಿಂತಿರುಗಿ ನೋಡುತ್ತಿರಲಿಲ್ಲ. ಆದರೂ ಇಲ್ಲವೆಂಬುದು ಹೇಗೋ ಗೊತ್ತಾಗುತ್ತಿತ್ತು.

ಆಮೇಲೊಂದು ಮುಂಜಾನೆ ಬೆನ್ನ ಹಿಂದೆ ಎರಡು ಸ್ವರದ ಗಂಟೆ ಬಾರಿಸಿತು. ತಾರಾಬಾಯಿ ಸರಿದು ನಿಂತಳು. ವರ್ಧಮಾನ ಸೈಕಲ್ ಮೇಲೆ ಕೂತು, ಕೋಲು ನುಂಗಿದವನಂತೆ ಸೆಟೆದು, ನೇರ ಮುಂದೆ ನೋಡುತ್ತ ಸುಯ್ಯೆಂದು ದಾಟಿ ಹೋದ. ನಿಲ್ಲಲಿಲ್ಲ. ಮುಖ ತಿರುಗಿಸಲೂ ಇಲ್ಲ!

ಮರುದಿನವೂ ಅದೇ. ಅದರ ಮರುದಿನವೂ ಅದೇ.

ಇಷ್ಟು ಸೊಕ್ಕೇ? ಸೈಕಲ್ ಕಲಿತದ್ದನ್ನು ನನಗೆ ತೋರಿಸಲು ಬರುತ್ತಾರೆ! ತಿಂದ ರೊಟ್ಟಿಯ ನೆನಪಾದರೂ ಬೇಡವೇ? ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು. ಸಾಲೆಯಲ್ಲಿ ಹುಡುಗಿಯರು ಮಾಸ್ತರ ಸೈಕಲ್ಲಿನ ಬಗ್ಗೆ ಏನೋ ಹೇಳಿ ನಗಲು ಬಂದರೆ ಬಾಯಿ ಮುಚ್ಚಿಸಿ ಲೆಕ್ಕ ಕೊಟ್ಟಳು.

ಮಾಘದ ಒಂದು ಮುಂಜಾನೆ ಅಪ್ಪನಿಂದ ಹೇಳಿಕೆ ಬಂತು. ಇವತ್ತು ಸಂಜೆ ನಾನು ಮೂಡಲಗಿಗೆ ಬರುತ್ತೇನೆ, ನಾಳೆ ಗೋಕಾಕದವರು ಕನ್ಯೆ ನೋಡಲು ಬರುತ್ತಾರೆ, ಸಾಲೆಗೆ ಹೋಗಬೇಡ. ಇವತ್ತಾದರೂ ಹುಡುಗಿಯರ ಮುಖವನ್ನೊಮ್ಮೆ ನೋಡಿ ಬರುವೆನೆಂದು ಅವಳು ಹೊರಟಳು.

ಮಸಗುಪ್ಪಿಯ ಹತ್ತಿರ ಬಂದಾಗ ಹಿಂದಿನಿಂದ ಗಂಟೆ ಕೇಳಿಸಿತು. ಈ ಸಲ ಬಿಡುವಿಲ್ಲದೆ ಬಾರಿಸುತ್ತಿತ್ತು. ಆ ಮುಖ ನೋಡುವುದೇ ಬೇಡವೆಂದು ಅವಳು ದಾರಿ ಬಿಟ್ಟು ಬಾಜೂಕ್ಕಿದ್ದ ದುಂಡಪ್ಪನ ಕಣದೊಳಗೆ ಹೋಗಿ ನಡುವೆ ನಿಂತಳು. ಜೋಳದ ರಾಶಿ ಮುಗಿದು ಕಣ ಬಯಲಾಗಿತ್ತು.

ಸೈಕಲ್ಲೂ ದಾರಿ ಬಿಟ್ಟು ಕಣದೊಳಗೆ ನುಗ್ಗಿತು! ಅವಳನ್ನು ಸುತ್ತು ಹಾಕತೊಡಗಿತು.

"ಅಕ್ಕೋರ, ನಿಮ್ಮ ಕೂಡ ಮಾತಾಡೋದೈತಿ!"

"ಇಳದು ಮಾತಾಡ್ರಿ."

"ಇಳಿಯಾಕ ಬರಂಗಿಲ್ಲರಿ!"

ಎನ್ನುತ್ತ ಆಚೆ ಹೋದ. ತಾರಾಬಾಯಿ ಬೆರಗಾಗಿ ತಿರುಗಿದಳು. ಈಚೆ ಬಂದ ಮೇಲೆ ಮಾತು ಮುಂದುವರಿಯಿತು. ಮೂಡಲಗಿಯ ಸೈಕಲ್ ಅಂಗಡಿಯ ಬಂದಗಿಸಾಬ ಹತ್ತುವುದನ್ನೂ ತುಳಿಯುವುದನ್ನೂ ಕಲಿಸಿದ್ದನಂತೆ. ಇಳಿಯುವುದು ಮಾತ್ರ ಏನು ಮಾಡಿದರೂ ಬರಲಿಲ್ಲ. ಮುಂಜಾನೆ ಇದೇ ದುಂಡಪ್ಪನ ಮೇವಿನ ಬಣವೆಗೆ ಗುದ್ದಿ ನಿಲ್ಲುತ್ತಿದ್ದನಂತೆ. ಸಂಜೆ ಬಂದಗಿಸಾಬನೇ ಅಂಗಡಿ ಮುಂದೆ ಹಿಡಿದು ಇಳಿಸುತ್ತಿದ್ದನಂತೆ.

ಮತ್ತೊಂದು ಸುತ್ತು ಬಂತು. ಕುತ್ತಿಗೆ ತಿರುಗಿಸಿದರೆ ಬೀಳುವೆನೆಂದು ಇನ್ನೂ ನೇರವಾಗಿಯೇ ನೋಡುತ್ತಿದ್ದ.

ಹಾಗಾದರೆ ಅದು ಸೊಕ್ಕಲ್ಲ... ದಿನವೂ ದಾಟಿ ಹೋಗುತ್ತಿದ್ದದ್ದು ನಿಲ್ಲಲು ಬಾರದೆ!

"ಮೊದಲನೇ ದಿನಾ ನಡದದ್ದು ಹತ್ತಾಕ ಬರಂಗಿಲ್ಲಂತ. ಅದು ಖರೆ," ಎಂದ ವರ್ಧಮಾನ ಹಾದುಹೋಗುತ್ತ.

ತಾರಾಬಾಯಿ ಅವನ ಜೊತೆಗೇ ತಾನೂ ಸುತ್ತು ತಿರುಗಿದಳು. ಈ ಸುತ್ತು ಮುಗಿಯುವುದೇ ಇಲ್ಲವೇನೋ ಎನ್ನಿಸಿತು.

"ಅವತ್ತ ಸಂಜಿಗೇ ಬಂದಗಿಸಾಬ ಕಲಿಸ್ತೇನಿ ಅಂದ. ನಾನೇ ಬ್ಯಾಡ ಅಂದೆ. ಕಲತರ ನಿಮ್ಮ ಜೋಡಿ ನಡ್ಯಾಕ ನನಗ ಏನ್ ನೆವಾ ಉಳೀತಿತ್ರಿ?"

ಆತ ಮತ್ತೆ ಆಚೆ ಹೋದ. ಅವಳ ಕಣ್ಣು ಮಂಜಾಯಿತು. ಕೈಯಿಂದ ಒರೆಸಿಕೊಂಡಳು, ಮತ್ತೆ ಮಂಜಾಯಿತು. ಹೆಣೆದುಕೊಂಡ ಕನಸಿನಲ್ಲಿ ಒಂದು ದಿನವಷ್ಟೇ ತಪ್ಪಿತ್ತು. ಮಿಕ್ಕದ್ದೆಲ್ಲ ನಿಜವಾಗಿತ್ತು.

"ಗೋಕಾಕದವರಿಗೆ ಹ್ಞೂ ಅನಬ್ಯಾಡ್ರಿ," ಎಂಬ ಮಾತು ಈಚೆಯ ಸುತ್ತಿನಲ್ಲಿ ಬಂತು. ದನಿ ಬಹಳ ದಣಿದಿತ್ತು. ಕಾಲು ಸೋಲುತ್ತಿದ್ದವು, ಸೈಕಲ್ ಓಲಾಡುತ್ತಿತ್ತು.

ತಾರಾಬಾಯಿ ಕಚ್ಚೆ ಬಿಗಿಮಾಡಿಕೊಂಡು ಓಡಿ ಹೋಗಿ ಹಿಂದಿನಿಂದ ಸೀಟನ್ನು ಎರಡೂ ಕೈಯಿಂದ ಹಿಡಿದಳು. ಸೈಕಲ್ ಅವಳನ್ನೂ ಒಂದಿಷ್ಟು ದೂರ ಎಳೆದೊಯ್ದು, ಕಣದ ಅಂಚಿನ ಹೊಟ್ಟಿನ ಗುಡ್ಡೆಗೆ ನುಗ್ಗಿ, ಮೂರೂ ಒಟ್ಟಿಗೆ ಮಗ್ಗುಲಾದವು.

ಕೆಲಹೊತ್ತು ಯಾರೂ ಏಳಲಿಲ್ಲ. ಟೋಪಿಯ ತುಂಬ ಹೊಟ್ಟು, ಮೀಸೆಯ ತುಂಬ ಹೊಟ್ಟು. ಸೈಕಲ್ಲಿನ ದೀಪ ಒಡೆದು ಬಿದ್ದಿತ್ತು. ಆತ ಅದರ ಕಡೆ ನೋಡಲಿಲ್ಲ.

"ಪೆಟ್ಟಾತೇನ್ರಿ?" ಎಂದು ಕೇಳಿದ, ಅವಳನ್ನೇ ನೋಡುತ್ತ.

ಅವಳು ಇಲ್ಲವೆಂದು ತಲೆಯಾಡಿಸಿದಳು. ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಹಿಡಿದಳು.

"ಮದುವಿ ಆದ ಮ್ಯಾಲೂ ನಾ ಸಾಲಿಗೆ ಬರ್ತೇನಿ," ಎಂದಳು ನಗು ನಿಂತ ಮೇಲೆ.

"ನೀವು ಬರದಿದ್ರ ನಾ ಈ ದಾರಿ ಯಾಕ ತುಳೀಲಿ?"

"ಹಂಗಾದ್ರ ಇವತ್ತ ಸಾಲಿ ಬಿಟ್ಟ ಕೂಡಲೇ ನಮ್ಮ ಮಾವಶಿಗೆ ಹೇಳ್ರಿ. ಸಂಜಿಗೆ ಅಪ್ಪಾ ಬರ್ತಾರ. ಅವರು ಬರೂಕಿಂತ ಮೊದಲ ನೀವು ಮುಟ್ಟಬೇಕು. ಸೈಕಲ್ ಮ್ಯಾಲ ಹೋಗ್ರಿ."

ವರ್ಧಮಾನನ ಮುಖದಲ್ಲಿ ಚಿಂತೆ ಮೂಡಿತು.

"ಹೋಗ್ತೇನ್ರಿ. ಆದರ ನಿಮ್ಮ ಮನಿ ಮುಂದ ಬಣವಿ ಇಲ್ಲಲ್ಲ. ನಿಲ್ಲೋದು ಹ್ಯಾಂಗ?"

ತಾರಾಬಾಯಿ ಅವನ ಟೋಪಿಯ ಹೊಟ್ಟನ್ನು ಝಾಡಿಸಿ ಕೈಗೆ ಕೊಟ್ಟಳು.

"ಇವತ್ತ ನಾ ಸಾಲಿ ಲಗೂ ಬಿಟ್ಟು ಹೋಗಿರ್ತೇನಿ," ಎಂದಳು. "ಬರ್ರಿ... ಅಂಗಳದಾಗ ನಾ ನಿಂತಿರ್ತೇನಿ."